ಬೆಲ್ಲದ ಬದಲಿಗೆ

ಅಮ್ಮನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮೇಲೆ ನೆಂಟರು ಅವಳಿಗೆ ಬೆಲ್ಲ ಕೊಡುವುದನ್ನು ನಿಲ್ಲಿಸಿದರು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಬರೀ ನೀರು ಕೊಡಲು ಯಾರಿಗೂ ಮನಸ್ಸು ಬರಲಿಲ್ಲ. ಹಾಗಾಗಿ ಬೆಲ್ಲದ ಜಾಗಕ್ಕೆ ಎಲೆಅಡಿಕೆ ತಟ್ಟೆ ಬಂತು.

ತೀರ್ಥಹಳ್ಳಿಯಲ್ಲಿರುವ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಎಲೆಗೆ ಸುಣ್ಣ ಸವರಿ, ತಂಗಿಗೆ ಇಷ್ಟವೆಂದು ಹೊಗೆಸೊಪ್ಪಿನ ಚೂರನ್ನೂ ಇಟ್ಟು ತಾವೇ ಮಡಿಸಿ ಕೊಡುತ್ತಿದ್ದರು.

"ತಗಳೇ, ಇದ್ರಲ್ಲೇನು ಸಕ್ರೆ ಇಲ್ಲ."

"ನಿನ್ನ ಉಪಚಾರಕ್ಕೆ ನನ್ನ ಹಲ್ಲು ನೋಡು, ಕೆಮ್ಮಣ್ಣು ಬಳಿದಂಗಾಗಿದೆ."

"ಹಲ್ಲು ನೋಡಿ ಯಾರು ನಿಂಗೆ ಬ್ಲೌಸ್ ಹೊಲಿಯಕ್ಕೆ ಕೊಡ್ತಾರೆ, ಮಾರಾಯ್ತಿ?"

ಅಮ್ಮ ಹೊಸನಗರದಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಕಾಯಿಲೆ ಬಂದ ಮೇಲೆ ಸಕ್ಕರೆ ಹಾಕಿದ ಕಾಫಿ ಬಿಟ್ಟಳು. ಕಾಫಿಯ ಹೊತ್ತಿನಲ್ಲೂ ಎಡಗೆನ್ನೆಯಲ್ಲಿ ಎಲೆಅಡಿಕೆ ಒತ್ತಿಟ್ಟುಕೊಂಡು ಮಿಷನ್ ತುಳಿಯುತ್ತಿದ್ದಳು.

ಆ ಕೆನ್ನೆಯೊಳಗೇ ಹುಣ್ಣಾಯಿತು. ಹಿಂದೊಮ್ಮೆ ಅವಳ ಕಾಲಿನ ಗಾಯ ಒಂದಿಡೀ ಮಳೆಗಾಲ ಮಾಯದೆ ಕಾಡಿತ್ತು. ಶುಗರ್ ಇದ್ದವರಿಗೆ ಹಾಗೆಯೇ ಎಂದು ಎಲ್ಲರೂ ಹೇಳಿದ್ದರು. ಬಾಯಿಯ ಹುಣ್ಣನ್ನೂ ಶುಗರಿನದೇ ಎಂದುಕೊಂಡೆವು. ಅವಳು ಖಾರ ಬಿಟ್ಟಳು, ರಾತ್ರಿಯ ಅನ್ನ ಬಿಟ್ಟಳು. ಎಲೆಅಡಿಕೆಯನ್ನು ಬಲಗೆನ್ನೆಗೆ ಬದಲಾಯಿಸಿದಳು.

ನಾನು ಸಾಗರದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ರಜೆಗೆ ಊರಿಗೆ ಹೋದಾಗ ಬಾಯಿ ಪೂರ್ತಿ ತೆರೆಯಲಾಗದೆ ಮೊಸರನ್ನದ ಚಮಚವೂ ಅವಳ ಬಾಯಿಗೆ ಸರಿಯಾಗಿ ಹೋಗುತ್ತಿರಲಿಲ್ಲ. ಸಾಗರಕ್ಕೆ ಕರೆತಂದು ದಂತವೈದ್ಯರಿಗೆ ತೋರಿಸಿದೆ. ಅವರು ದವಡೆಯ ಕೆಳಗೆ ಒತ್ತಿ ನೋಡಿದರು. ಹುಣ್ಣಿನ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಆಪರೇಷನ್ ಆಗಬೇಕು, ಅದಕ್ಕೆ ಮೊದಲು ಶುಗರ್ ಇಳಿಯಬೇಕು. ಕುತ್ತಿಗೆಯ ಗಂಟುಗಳಿಗೆ ಎಷ್ಟು ಹರಡಿದೆ ಎಂಬುದು ಖಚಿತವಾಗುವುದು ಆಮೇಲೆಯೇ.

ನಾನು ಓದಿದ್ದು ಜೀವರಸಾಯನಶಾಸ್ತ್ರ. ಆದರೂ ಆ ಆಸ್ಪತ್ರೆಗೆ ಮೊದಲ ಸಲ ತೋರಿಸಲು ಹೋದಾಗ ಡಾಕ್ಟರನ್ನು ಕೇಳಿದ್ದು ಯಾರಾದರೂ ಕೇಳುವ ಪ್ರಶ್ನೆಯನ್ನೇ: ಶುಗರ್ ಇದ್ದರೆ ಇದು ಬೇಗ ಹರಡುತ್ತದೆಯೇ?

"ಹರಡೋಕೆ ಸಹಾಯ ಮಾಡಬಹುದು. ರಕ್ತದಲ್ಲಿ ಸಕ್ಕರೆ, ಇನ್ಸುಲಿನ್ ಜಾಸ್ತಿ ಇದ್ರೆ ಆ ಜೀವಕೋಶಗಳಿಗೆ ಅನುಕೂಲ ಅಂತ ಕಾಣುತ್ತೆ. ಆದ್ರೆ ನಿಮ್ಮ ತಾಯಿಗೆ ಹಾಗೇ ಆಯ್ತು ಅಂತ ಖಚಿತವಾಗಿ ಹೇಳೋಕಾಗಲ್ಲ. ಶುರುವಾಗಿದ್ದು ಮಾತ್ರ ಹೊಗೆಸೊಪ್ಪು, ಅಡಿಕೆಯಿಂದಲೇ ಇರಬೇಕು."

ಅಮ್ಮ ಒಂದೇ ಮಾತು ಕೇಳಿದಳು: "ಆಮೇಲೆ ಮಾತಾಡಕ್ಕೆ ಬರುತ್ತಾ?"

ಶುಗರ್ ಹತೋಟಿಗೆ ಬಂದು ಆಪರೇಷನ್ನಿಗೆ ಹೊರಟಾಗ ತೀರ್ಥಹಳ್ಳಿಯಲ್ಲಿ ಇಳಿದೆವು. ದೊಡ್ಡಮ್ಮನಿಗೆ ವಿಷಯ ಗೊತ್ತಿತ್ತು. ಆದರೂ ಅಭ್ಯಾಸದಂತೆ ತಟ್ಟೆ ಹಿಡಿದು ಬಂದವರು ನಡುಮನೆಯಲ್ಲಿ ನಿಂತುಬಿಟ್ಟರು.

"ನಾನೇ ಅಲ್ಲೇನೆ ಕೊಟ್ಟಿದ್ದು?"

"ನೀನು ಕೊಟ್ಟೆ, ನಾನು ಹಾಕ್ಕಂಡೆ. ನೀನೇನು ಬಾಯಿಗೆ ತುರುಕಿದ್ಯಾ? ನೀರು ಕೊಡು, ಬಸ್ಸಿಗೆ ಹೊತ್ತಾತು."

ಆಪರೇಷನ್ ಆಯಿತು. ಕ್ಯಾನ್ಸರ್ ಕುತ್ತಿಗೆಯ ಗಂಟುಗಳಿಗೆ ಹೋಗಿತ್ತು. ಅದರಾಚೆ ಹೋದದ್ದು ಕಾಣಲಿಲ್ಲ ಎಂದರು. ರೇಡಿಯೇಷನ್ ಮುಗಿಸಿ ಅಮ್ಮ ಮನೆಗೆ ಬಂದಿದ್ದಾಳೆ. ಮುಂದೇನು ಎಂಬುದಕ್ಕೆ ಕಾಯಬೇಕು ಎನ್ನುತ್ತಾರೆ ಡಾಕ್ಟರು. ಅವಳ ಮಾತು ನನಗೆ ತಿಳಿಯುತ್ತದೆ, ಹೊರಗಿನವರಿಗೆ ಕಷ್ಟ.

ಮೊನ್ನೆ ದೊಡ್ಡಮ್ಮ ನೋಡಲು ಬಂದರು. ಅಮ್ಮ ತಾನೇ ಎದ್ದು ಅವರ ಮುಂದೆ ಬೆಲ್ಲ, ನೀರು ಇಟ್ಟು ಏನೋ ಅಂದಳು.

"ಎಂತ ಅಂದ್ಲೇ?" ಎಂದು ದೊಡ್ಡಮ್ಮ ನನ್ನನ್ನು ಕೇಳಿದರು.

"ನಿಂಗೇನು ಶುಗರ್ ಇಲ್ಲ, ತಿನ್ನು ಅಂದಳು."

ದೊಡ್ಡಮ್ಮ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡರು. ನೀರು ಕುಡಿದರು. ಆಮೇಲೆ ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದುಕೊಂಡು ಕುಳಿತು, "ನನ್ನ ಬಾಯೂ ಒಂದ್ಸಲ ನೋಡೇ" ಎಂದರು.

ನಾನು ಮೊಬೈಲಿನ ಟಾರ್ಚ್ ಹಾಕಿದೆ. ಅಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ, ಅಕ್ಕನ ಗಲ್ಲ ಹಿಡಿದೆತ್ತಿ, ತಾನೇ ಮೊದಲು ಬಗ್ಗಿ ನೋಡಿದಳು.