ಮುದುಕನ ಎಡಗೆನ್ನೆ

ಚಿಕ್ಕಬೀರಯ್ಯ ಕನಕಪುರದಲ್ಲಿ ಬೋರ್ಡು ಬರೆಯುವವನು. ಅಂಗಡಿಯಾಗಲಿ ಬಸ್ಸಾಗಲಿ, ಅವನ ಅಕ್ಷರಕ್ಕೆ ಎದುರಿಲ್ಲ. ಮನುಷ್ಯರ ಮುಖ ಬರೆದರೆ ಮಾತ್ರ ರಾಗಿ ಮುದ್ದೆಗೆ ಕಣ್ಣು ಮೂಗು ಅಂಟಿಸಿದಂತಾಗುತ್ತಿತ್ತು. ನೋಡಿದವರು ನಗುತ್ತಿದ್ದರು. ಆ ಅವಮಾನ ತಡೆಯಲಾರದೆ ೧೯೭೨ರಲ್ಲಿ, ಮೂವತ್ತು ದಾಟಿದ ಮೇಲೆ, ರಾಮನಗರದ ಡ್ರಾಯಿಂಗ್ ಟೀಚರ್ ಹಮೀದಾ ಅವರ ಮನೆ ಬಾಗಿಲು ತಟ್ಟಿದ.

ಹಮೀದಾ ಅವನ ಕೈಗೆ ಒಂದು ಅಚ್ಚಿನ ಚಿತ್ರ ಕೊಟ್ಟರು. ಹೆಚ್ಚುಕಡಿಮೆ ಐನೂರು ವರ್ಷದ ಹಿಂದೆ ಇಟಲಿಯಲ್ಲಿ ಎಣ್ಣೆಬಣ್ಣದಲ್ಲಿ ಬರೆದ ಒಬ್ಬ ಮುದುಕನ ಮುಖ.

“ಇದನ್ನೇ ನಕಲು ಮಾಡಿ. ಮೊದಲು ಬೂದುಹಸಿರಲ್ಲಿ ನೆರಳು. ಅದು ಒಣಗಿದ ಮೇಲೆ ಮೈಬಣ್ಣ, ತೆಳ್ಳಗೆ, ಪದರದ ಮೇಲೆ ಪದರ. ಅವಸರ ಬೇಡ.”

ಬೆಳಿಗ್ಗೆ ಬರೆದ ಬೋರ್ಡನ್ನು ಸಂಜೆಗೆ ನೇತುಹಾಕಿ ರೂಢಿಯಿದ್ದವನಿಗೆ ಅವಸರ ಬಿಡುವುದೇ ಕಷ್ಟ. ಎರಡು ಸಲ ಹಸಿ ಪದರದ ಮೇಲೆ ಬಣ್ಣ ಹಚ್ಚಿ ಮುಖವನ್ನು ಕೆಸರು ಮಾಡಿದ. ಎರಡು ಸಲವೂ ಹಮೀದಾ ಬಣ್ಣ ಕೆರೆಯುವ ಚೂರಿಯನ್ನು ಅವನ ಮುಂದಿಟ್ಟರು. ಕೈಯಾರೆ ತಾನೇ ಕೆರೆದ.

ಮೂರನೆಯ ಸಲ ಮುಖ ಎದ್ದು ಬಂತು. ಆ ವಾರವೇ ಹಮೀದಾ ಅವರಿಗೆ ಬಳ್ಳಾರಿಗೆ ವರ್ಗವಾಯಿತು. ಉಳಿದದ್ದು ಹನ್ನೆರಡು ದಿನ. ಒಂದು ಪದರ ಒಣಗಲೇ ನಾಲ್ಕೈದು ದಿನ ಬೇಕು. ಅಷ್ಟರಲ್ಲಿ ಅವರು ಅವನು ಬರೆದ ಚಿತ್ರದ ಎಡಗೆನ್ನೆಯ ಅಂಚಿನತ್ತ ಬೆರಳು ತೋರಿಸಿದರು.

“ಈ ಕೆಂಪು ಎಲ್ಲಿಂದ ಬಂತು, ಬೀರಯ್ಯ?”

“ಅದ್ರಲ್ಲಿ ಐತಲ್ಲ ಮೇಡಂ. ಇದ್ದಂಗೇ ಬರ್ದಿವ್ನಿ.”

“ಅದು ಅಚ್ಚು ಹಾಕುವಾಗ ಬಣ್ಣ ಜರುಗಿರೋದು. ನೀವು ಪ್ರೆಸ್ಸಿನ ತಪ್ಪನ್ನ ನಕಲು ಮಾಡಿದ್ದೀರಿ. ವಯಸ್ಸಾದವರ ಕೆನ್ನೆ ಬಿಸಿಲಲ್ಲಿ ಹೇಗಿರುತ್ತೆ ಅಂತ ಯಾವತ್ತಾದ್ರೂ ನೋಡಿದ್ದೀರಾ? ನಿಮ್ಮ ತಂದೆ ಇದ್ದಾರಲ್ಲ?”

ಚಿಕ್ಕಬೀರಯ್ಯನ ತಂದೆ ಲಿಂಗಯ್ಯ ಸಾತನೂರಿನ ಹತ್ತಿರ ಕುರಿ ಸಾಕಿಕೊಂಡಿದ್ದ. ಮಗ ಕುರಿ ಬಿಟ್ಟು ಬ್ರಷ್ಷು ಹಿಡಿದಂದಿನಿಂದ, ಹತ್ತು ವರ್ಷ, ಇಬ್ಬರಿಗೂ ಮಾತಿರಲಿಲ್ಲ.

ಬೇರೆ ದಾರಿ ಕಾಣದೆ ಮರುದಿನ ಮೊದಲ ಬಸ್ಸಿಗೆ ಊರಿಗೆ ಹೋದ. ಲಿಂಗಯ್ಯ ಜಗಲಿಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದ. ತಲೆಯೆತ್ತಲಿಲ್ಲ. ಚಿಕ್ಕಬೀರಯ್ಯ ಎದುರಿಗೆ ಕುಕ್ಕರಗಾಲಲ್ಲಿ ಕೂತು ಸುಮ್ಮನೆ ನೋಡತೊಡಗಿದ. ಅಪ್ಪ ಎದ್ದು ಒಳಗೆ ಹೋದರೆ ಅಲ್ಲಿಗೆ ಮುಗಿಯಿತು. ಎಷ್ಟೋ ಹೊತ್ತಿನ ಮೇಲೆ ಹಿಂಜುವ ಕೈ ನಿಂತಿತು.

“ಏನ್ಲಾ ಹಂಗ್ ನೋಡ್ತೀಯ? ನಾನೇನ್ ಸಂತೇಲಿ ಮಾರೋ ಟಗರಾ?”

“ನಿನ್ ಕೆನ್ನೆ ನೋಡ್ಬೇಕು ಕಣಪ್ಪ. ಒಸಿ ಈ ಕಡೀಕ್ ತಿರುಗು.”

ಮುದುಕ ಹಲ್ಲು ಕಚ್ಚಿದ. ಉಣ್ಣೆಯನ್ನು ಪಕ್ಕಕ್ಕಿಟ್ಟ. ಎದ್ದೇಬಿಟ್ಟ ಅಂದುಕೊಂಡ ಮಗ. ಲಿಂಗಯ್ಯ ಏಳಲಿಲ್ಲ, ಬಿಸಿಲಿಗೆ ಮುಖ ಕೊಟ್ಟು ಕೂತ.

ಕೆನ್ನೆಯ ಅಂಚಿನಲ್ಲಿ ಕೆಂಪು ಎಳ್ಳಷ್ಟೂ ಇರಲಿಲ್ಲ. ಕುರುಚಲು ಗಡ್ಡದ ಬುಡದಲ್ಲಿ ತೆಳುನೀಲಿ, ಕಣ್ಣಿನ ಕೆಳಗೆ ಹಸಿರು ಬೆರೆತ ಬೂದಿ, ಗದ್ದದಡಿಯಲ್ಲಿ ಅಂಗಳದ ಮಣ್ಣಿನ ಬಣ್ಣ. ಇಷ್ಟು ವರ್ಷ ಕಣ್ಣಿದ್ದೂ ಏನು ನೋಡುತ್ತಿದ್ದೆ ಎಂದು ಅವನಿಗೆ ನಾಚಿಕೆಯಾಯಿತು.

ರಾಮನಗರಕ್ಕೆ ಮರಳಿ ಚಿತ್ರದ ಕೆನ್ನೆಯನ್ನು ಕೆರೆದು ಮತ್ತೆ ಬರೆದ. ಹೊರಡುವ ಬೆಳಿಗ್ಗೆ ಹಮೀದಾ ಟ್ರಂಕು ಕಟ್ಟಿಸಿ, ಕ್ಯಾನ್ವಾಸನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತರು.

“ಕೆನ್ನೆ ಬಂತು,” ಅಂದರು ಕಡೆಗೆ. “ಕಿವಿ ಇನ್ನೂ ಬಸ್ಸಿನ ಬೋರ್ಡಿನ ಅಕ್ಷರದ ಥರ ಇದೆ. ಮುಂದಿನದರಲ್ಲಿ ಸರಿಮಾಡಿಕೊಳ್ಳಿ.”

ಮುಂದಿನದು ಲಿಂಗಯ್ಯನ ಚಿತ್ರ. ಹನ್ನೊಂದು ಬೆಳಗು ಕೂತ ಮುದುಕ ಒಮ್ಮೆಯೂ ಚೆನ್ನಾಗಿದೆ ಅನ್ನಲಿಲ್ಲ. ಮುಗಿದ ದಿನ ಮಾತ್ರ ಬೀದಿಗೆ ಬಂದು, ಹೊಲಕ್ಕೆ ಹೊರಟವರನ್ನೆಲ್ಲ ಕೂಗಿ ಒಳಗೆ ಕರೆದ.