ಲ್ಯಾಬಿನಲ್ಲಿ ಖಂಡೆಪೂಜೆ

ಗೋಕಾಕದ ಕಾಲೇಜಿನಲ್ಲಿ ಜೈವಿಕ ತಂತ್ರಜ್ಞಾನ ಕಲಿಸಲು ಸೇರಿದಾಗ ನನ್ನ ತಲೆಯ ಮೇಲೆ ಕೂದಲಿತ್ತು, ಒಳಗೆ ಬಾಟಲಿಯಲ್ಲಿ ಕಬ್ಬು ಬೆಳೆಸುವ ಕನಸಿತ್ತು. ಕೂದಲು ಸದ್ದಿಲ್ಲದೆ ಹೋಯಿತು. ಕನಸು ಹೋಗಲೊಲ್ಲದು. ದಿನಾ ಹುಕ್ಕೇರಿಯಿಂದ ಬಸ್ಸಿನಲ್ಲಿ ಬರುವಾಗ ಮನೆಯ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿ, ಲ್ಯಾಬಿನ ಎ.ಸಿ. ನಿಂತಿದೆಯೇನೋ ಎಂದು ಇನ್ನರ್ಧ ದಾರಿ ಚಿಂತಿಸುತ್ತೇನೆ.

ಕಬ್ಬಿನ ಸುಳಿಯ ಒಂದು ಚೂರಿನಿಂದ ರೋಗವಿಲ್ಲದ ನೂರಾರು ಸಸಿ ತೆಗೆಯಬಹುದು. ಪಾಠದಲ್ಲಿ ಇದನ್ನು ಹೇಳುವುದು ಸುಲಭ. ಆ ಸಸಿಗಳನ್ನು ಹೊಲದಲ್ಲಿ ಹಚ್ಚಿ ತೋರಿಸದೆ ನನ್ನ ಪಿಎಚ್.ಡಿ. ಮುಗಿಯುವಂತಿರಲಿಲ್ಲ, ಬಾಟಲಿ ಕಬ್ಬಿಗೆ ಹೊಲ ಕೊಡುವವರೇ ಇರಲಿಲ್ಲ. ಕೊನೆಗೆ ಮೂಡಲಗಿ ಕಡೆಯ ಒಬ್ಬ ರೈತರು, ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ, ಹತ್ತು ಗುಂಟೆ ಬಿಡಲು ಒಪ್ಪಿದರು.

"ಮಗಳಿಗೆ ಪಾಠಾ ಹೇಳೀರಿ, ಇಲ್ಲನ್ನಾಕ ಬರೂದಿಲ್ಲ. ಆದ್ರ ಹೊಲಾ ಬಾಳ ದಿನಾ ಖಾಲಿ ಇಡಾಂಗಿಲ್ರಿ ಸರ," ಎಂದರು.

ಸಸಿಗಳು ಬೇರು ಬಿಡುವ ಕೊನೆಯ ಹಂತಕ್ಕೆ ಬಂದಾಗಲೇ ದಸರೆಯ ಖಂಡೆಪೂಜೆ ಬಂತು. ನಮ್ಮಲ್ಲಿ ಅಂದು ಕುಡುಗೋಲಿನಿಂದ ಟ್ರ್ಯಾಕ್ಟರಿನ ತನಕ ಎಲ್ಲಕ್ಕೂ ಪೂಜೆ ಆಗಬೇಕು. ಲ್ಯಾಬಿನ ಅಟೆಂಡರ್ ಕಾಕಾ ವಿಭೂತಿ, ಊದಿನಕಡ್ಡಿ, ಚೆಂಡು ಹೂ, ಕಾಯಿ ಹಿಡಿದು ಗಾಜಿನ ಕಪಾಟಿನತ್ತ ನಡೆದರು. ಸಸಿಗಳನ್ನು ಮುಟ್ಟುವಾಗ ಒಂದು ಕಣ ಧೂಳೂ ತಾಗದಂತೆ ಗಾಳಿ ಸೋಸುವ ಯಂತ್ರ ಅದು. ನಾನು ಅಡ್ಡ ನಿಂತೆ.

"ಕಾಕಾ, ಅದಕ್ಕ ಬ್ಯಾಡ್ರಿ. ಬಾಗಲಕ್ಕ ಮಾಡ್ರಿ, ಸಾಕು."

"ಆತ್ರಿ ಸರ. ನಿಮ್ಮ ಮಷೀನು, ನಿಮ್ಮ ಮರ್ಜಿ."

ಮರ್ಜಿ ಅಂದದ್ದೇ ನನಗೆ ಚಿಂತೆ ಹತ್ತಿತು. ನಾಳೆ ಮೋಟಾರು ಸುಟ್ಟರೆ? ಪೂಜೆ ತಪ್ಪಿಸಿದ್ದಕ್ಕೇ ಸುಟ್ಟಿತೆಂದು ಕಾಕಾ ಅನ್ನುವುದಿರಲಿ, ನಾನೇ ಅಂದುಕೊಳ್ಳುವವನು. ಅವರು ಬಾಗಿಲಿಗೆ ವಿಭೂತಿ ಹಚ್ಚಿ ಮುಗಿಸುವಷ್ಟರಲ್ಲಿ ಕಪಾಟಿನ ಗಾಜು ಎತ್ತಿ ನಾನೇ ಕರೆದೆ.

"ಹಗೂರಕ ಮಾಡ್ರಿ."

ಅವರು ಹಗುರಾಗಿಯೇ ಮಾಡಿದರು. ಕಪಾಟಿನೊಳಗೇ ಕಾಯಿ ಒಡೆದವನು ನಾನು. ಒಂದೇ ಏಟಿಗೆ ಒಡೆಯಲಿಲ್ಲ. ಅಪಶಕುನವೆಂದು ಹೆದರಿ ಜೋರಾಗಿ ಇನ್ನೊಂದು ಕೊಟ್ಟೆ. ನೀರು ಸಿಡಿದು ಗಾಳಿ ಸೋಸುವ ಜಾಲಿಯೊಳಗೆ ಹೋಯಿತು. ಕಾಣುವಷ್ಟು ಒರೆಸಿ, ಸ್ಪಿರಿಟ್ ಬಳಿದು, ಎರಡು ದಿನ ಬಿಟ್ಟು ಅದೇ ಕಪಾಟಿನಲ್ಲಿ ಸಸಿಗಳನ್ನೆಲ್ಲ ಹೊಸ ಬಾಟಲಿಗೆ ದಾಟಿಸಿದೆ. ಲ್ಯಾಬಿನ ಸ್ವಚ್ಛತೆಯ ಬಗ್ಗೆ ಎರಡು ತಾಸು ಪಾಠ ಹೇಳುವ ಮನುಷ್ಯ ನಾನು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಹತ್ತು ಅಂಕಕ್ಕೆ ಕೇಳುತ್ತೇನೆ.

ವಾರದೊಳಗೆ ಬಾಟಲಿಗಳಲ್ಲಿ ಬಿಳಿ ಬೂಷ್ಟು, ಹಿಂಜಿದ ಅರಳೆಯ ಹಾಗೆ. ಅದೇ ವಾರ ರೈತರು ಸಸಿ ನೋಡಲು ಬಂದರು.

"ಇದೇನ್ರಿ ಸರ, ಕಬ್ಬಂತ ಹೇಳಿ ಹತ್ತಿ ಬೆಳದೀರಿ?"

"ಕರೆಂಟ್ ಹೋಗಿತ್ರಿ ಯಜಮಾನ್ರ..." ಎಂದು ಶುರು ಮಾಡಿದೆ.

ಕಾಕಾ ಮುಂದೆ ಬಂದು, "ತಪ್ಪು ನಂದ್ರಿ. ಪೂಜಾ ಸಾಮಾನ ನಾನ ತಂದಿದ್ದೆ," ಎಂದುಬಿಟ್ಟರು.

ಇನ್ನು ಕರೆಂಟಿನ ಮೇಲೆ ಹಾಕಲು ಮುಖವಿರಲಿಲ್ಲ. ಗಾಜು ಎತ್ತಿದ್ದೂ ಕಾಯಿ ಒಡೆದದ್ದೂ ನಾನೇ ಎಂದು ಹೇಳಿದೆ. ರೈತರು ಕಪಾಟಿನ ಹತ್ತಿರ ಹೋಗಿ ಒಳಗೆ ಇಣುಕಿದರು.

"ನಾವೂ ಟ್ರ್ಯಾಕ್ಟರ್ ಪೂಜಾ ಮಾಡಿದ್ವಿರಿ. ಕಾಯಿ ಗಾಲಿ ಮುಂದ ಒಡದ್ವಿ. ಇಂಜಿನ್ ಬಿಚ್ಚಿ ಒಳಗ ಒಡೀಲಿಲ್ಲ."

ಕಾಕಾ ಮುಖ ಆ ಕಡೆ ತಿರುಗಿಸಿ ನಕ್ಕರು.

"ಚೊಲೋ ಉಳದದ್ದು ಎಷ್ಟದಾವ್ರಿ?"

ಎಣಿಸಿದೆ. ಹದಿನಾಲ್ಕು ಬಾಟಲಿ.

"ನಾಳೆ ನಮ್ಮ ಬೀಜಾನ ಹಚ್ಚತೇನಿ, ಹೊಲಾ ಕಾಯೂದಿಲ್ಲ. ಒಡ್ಡಿನ ಬಾಜೂ ಒಂದ ಸಾಲ ಬಿಡ್ತೇನಿ. ಅಷ್ಟರಾಗ ಏನ ಮಾಡ್ತೀರಿ ಮಾಡ್ರಿ."

ಉಳಿದ ಸಸಿಗಳು ಮಣ್ಣು ತುಂಬಿದ ಪ್ಲಾಸ್ಟಿಕ್ ಕಪ್‌ಗಳಲ್ಲಿ ಗಟ್ಟಿಯಾದ ಮೇಲೆ, ಒಂದು ಭಾನುವಾರ ಹೋಗಿ ಆ ಸಾಲಿನಲ್ಲಿ ಹಚ್ಚಿ ಬಂದೆ. ವಿಶ್ವವಿದ್ಯಾಲಯಕ್ಕೆ ಕಳಿಸುವ ಪ್ರಗತಿ ವರದಿಯಲ್ಲಿ ಪ್ರಯೋಗದ ವಿಸ್ತೀರ್ಣ ಬರೆಯಲು ಒಂದು ಖಾನೆ ಇದೆ. ಗುಂಟೆಯಲ್ಲಿ ಬರೆದರೆ ಸೊನ್ನೆಯ ಹತ್ತಿರಕ್ಕೇ ಬರುತ್ತಿತ್ತು. ಸಾಲಿನ ಉದ್ದವನ್ನು ಅಡಿಗಳಲ್ಲಿ ಬರೆದೆ.