ಹೆಸರಿಲ್ಲದೆ ಬರುವ ಹಣಕ್ಕೆ ಮನೆ ಹುಡುಕುವ ನಂಜೇಶ್

ಬೆಳಗಿನ ಐದೂಮುಕ್ಕಾಲು. ನಂಜನಗೂಡಿನ ಬಸ್ ನಿಲ್ದಾಣದ ಹತ್ತಿರ ಹಾಲಿನ ವ್ಯಾನು ಇನ್ನೂ ಕ್ರೇಟು ಇಳಿಸುತ್ತಿದೆ. ಕಪಿಲಾತೀರ ವಿದ್ಯಾ ಸಮಿತಿಯ ಕಚೇರಿಯ ಬೀಗ ತೆಗೆದು, ದೀಪ ಹಾಕಿ, ಚಪ್ಪಲಿ ಹೊರಗೆ ಬಿಟ್ಟು ನಂಜೇಶ್ ತಮ್ಮ ಕಂಪ್ಯೂಟರಿಗೆ ಕೈಮುಗಿಯುತ್ತಾರೆ. ಭಕ್ತಿಯಿಂದಲ್ಲ, ಅದು ಇವತ್ತೂ ಏಳಲಿ ಎಂಬ ಭಯದಿಂದ. ಹನ್ನೊಂದು ವರ್ಷದ ಹಳೆಯ ಯಂತ್ರ ಅದು. ಏಳುವ ಮುಂಚೆ ಒಂದೆರಡು ಸಲ ಕೆಮ್ಮುತ್ತದೆ.

ನಿನ್ನೆ ಸಮಿತಿಯ ಖಾತೆಗೆ ಬಂದ ಹಣದ ಪಟ್ಟಿಯನ್ನು ಬ್ಯಾಂಕು ಪ್ರತಿದಿನ ನಸುಕಿನಲ್ಲಿ ಕಳಿಸುತ್ತದೆ. ಇವತ್ತಿನದರಲ್ಲಿ ನಾನೂರ ಹನ್ನೆರಡು ಸಾಲು. ನಂಜೇಶ್ ಅದನ್ನು ಕಾಗದದ ಮೇಲೆ ಇಳಿಸಿಕೊಂಡು, ಸ್ಟೀಲ್ ಅಡಿಪಟ್ಟಿಯನ್ನು ಮೊದಲ ಸಾಲಿನ ಕೆಳಗಿಟ್ಟು ಓದಲು ಶುರುಮಾಡುತ್ತಾರೆ. ಮೂರನೆಯ ಸಾಲಿಗೇ ಅಡಿಪಟ್ಟಿ ನಿಲ್ಲುತ್ತದೆ. ‘ಭಾಗ್ಯ ಚಿಕನ್ ಸೆಂಟರ್, ಎಂಟು ಸಾವಿರದ ಐನೂರು.’

“ಇದು ಯಾರ ಮಗು?” ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ.

ಆ ಪ್ರಶ್ನೆಯೇ ಅವರ ಉದ್ಯೋಗ. ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ಸಮಿತಿಗೆ ಶಾಲೆ, ಕಾಲೇಜು, ಹಾಸ್ಟೆಲು ಸೇರಿ ಹತ್ತೊಂಬತ್ತು ಸಂಸ್ಥೆಗಳಿವೆ. ಒಂಬತ್ತು ಸಾವಿರದ ಆರುನೂರು ವಿದ್ಯಾರ್ಥಿಗಳಿದ್ದಾರೆ. ಈಗ ಯಾರೂ ಸಾಲಿನಲ್ಲಿ ನಿಂತು ನೋಟು ಎಣಿಸುವುದಿಲ್ಲ. ಫೋನು ಹಿಡಿದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಫೀಸು ಹೋಯಿತು. ಆದರೆ ದುಡ್ಡು ಬರುವುದು ಫೋನಿನ ಒಡೆಯನ ಹೆಸರಿನಲ್ಲಿ, ಓದುವ ಮಗುವಿನ ಹೆಸರಿನಲ್ಲಲ್ಲ. ಹಳ್ಳಿಯಲ್ಲಿ ಫೋನು ಯಾರದೋ, ದುಡ್ಡು ಯಾರದೋ, ಮಗು ಇನ್ಯಾರದೋ. ಪ್ರತಿ ಸಾಲಿಗೂ ಒಂದು ಮಗುವನ್ನು ಹುಡುಕಿ ತಾಳೆ ಹಾಕುವುದು ನಂಜೇಶ್ ಕೆಲಸ. ಫೀಸಿನ ಕಾಲದಲ್ಲಿ ದಿನಕ್ಕೆ ಸಾವಿರದ ಇನ್ನೂರು ಸಾಲು ಬರುತ್ತವೆ. ಅದರಲ್ಲಿ ಐವತ್ತು ಅರವತ್ತು ಅನಾಥ.

“ವಿವರ ಬರೀರಿ ಅಂತ ಒಂದು ಜಾಗ ಕೊಟ್ಟಿದ್ದಾರೆ ಸಾರ್ ಫೋನಲ್ಲಿ,” ಎನ್ನುತ್ತಾರೆ ನಂಜೇಶ್. “ಅಲ್ಲಿ ‘ಮಗು ಫೀಸು’ ಅಂತ ಬರೀತಾರೆ. ಒಂಬತ್ತು ಸಾವ್ರದ ಆರುನೂರು ಮಗು ಇದಾವೆ ನಮ್ಮಲ್ಲಿ. ಒಬ್ರು ‘ನಮಸ್ಕಾರ, ಚೆನ್ನಾಗಿದ್ದೀರಾ’ ಅಂತ ಬರ್ದಿದ್ರು. ಚೆನ್ನಾಗಿದ್ದೆ, ಅದನ್ನ ಓದೋವರ್ಗೂ.”

ಚಿಕನ್ ಸೆಂಟರಿನ ಎಂಟೂವರೆ ಸಾವಿರಕ್ಕೆ ಎಂಟು ಗಂಟೆಗೆ ವಾರಸುದಾರರು ಸಿಗುತ್ತಾರೆ. ಕಳಲೆಯ ನಿವೃತ್ತ ಮೇಷ್ಟ್ರು ಶಂಭುಲಿಂಗಪ್ಪನವರು ಕಟ್ಟಿದ ಮೊಮ್ಮಗನ ಫೀಸು ಅದು. ಪಕ್ಕದ ಅಂಗಡಿಯವನ ಕೈಗೆ ನೋಟು ಕೊಟ್ಟು ಅವನ ಫೋನಿನಿಂದ ಹಾಕಿಸಿದ್ದಾರೆ. ವಿಷಯ ತಿಳಿದ ಮೇಷ್ಟ್ರು ಫೋನಿನಲ್ಲೇ ಸಿಡಿಯುತ್ತಾರೆ.

“ಏನ್ ನಂಜೇಶಪ್ಪ, ದಿನಾ ಲಿಂಗಪೂಜೆ ಮಾಡೋ ಮನೆ ರಸೀದಿ ಮೇಲೆ ಕೋಳಿ ಅಂಗ್ಡಿ ಹೆಸ್ರಾ?”

“ರಸೀದಿ ಮೇಲೆ ನಿಮ್ಮ ಮೊಮ್ಮಗನ ಹೆಸ್ರೇ ಬರೋದು ಸಾರ್. ಕೋಳಿ ಅಂಗಡಿ ನಮ್ಮ ಪುಸ್ತಕದಲ್ಲಿ ಮಾತ್ರ ಇರ್ತದೆ.”

“ಪುಸ್ತಕದಲ್ಲೂ ಬ್ಯಾಡ!”

“ಹಂಗಾದ್ರೆ ಮುಂದಿನ ಸಲ ನಿಮ್ಮ ಫೋನಿಂದ್ಲೇ ಹಾಕಿ ಸಾರ್.”

“ನಂದು ಗುಂಡಿ ಫೋನು ಕಣಯ್ಯ. ಮಾತಾಡಕ್ಕೆ ಮಾತ್ರ.”

ಐವತ್ತೊಂದು ವರ್ಷದ ನಂಜೇಶ್ ಹುಟ್ಟಿದ್ದು ತಾಂಡವಪುರದಲ್ಲಿ. ಹತ್ತೊಂಬತ್ತಕ್ಕೆ ಸಮಿತಿಯ ಶಾಲೆಯಲ್ಲಿ ಗಂಟೆ ಹೊಡೆಯುವ ಕೆಲಸಕ್ಕೆ ಸೇರಿದರು. ಸಂಜೆ ಕೊನೆಯ ಗಂಟೆ ಹೊಡೆದು, ಮೈಸೂರಿನ ರೈಲು ಹತ್ತಿ, ಸಂಜೆ ಕಾಲೇಜಿನ ಹಿಂದಿನ ಬೆಂಚಿನಲ್ಲಿ ಕೂತು ಬಿ.ಕಾಂ. ಓದಿದರು. ಮೂರು ವರ್ಷದ ಪದವಿಗೆ ಏಳು ವರ್ಷ ಹಿಡಿಯಿತು. ಉತ್ತರ ಗೊತ್ತಿರುತ್ತಿರಲಿಲ್ಲ ಎಂದಲ್ಲ. ಬರೆದ ಉತ್ತರವನ್ನು ಮತ್ತೆ ಮತ್ತೆ ಓದಿ, ಅನುಮಾನ ಬಂದು ಹೊಡೆದುಹಾಕುತ್ತಿದ್ದರು. ಎರಡು ಸಲ ಹೊಡೆದುಹಾಕಿದ್ದೇ ಸರಿಯಿತ್ತಂತೆ.

ಆ ಅನುಮಾನ ಈಗಲೂ ಇದೆ. ಮನೆಯಿಂದ ಹೊರಟವರು ಗ್ಯಾಸು ಆರಿಸಿದ್ದೇನೆಯೋ ಇಲ್ಲವೋ ಎಂದು ತಿರುವಿನಿಂದ ವಾಪಸು ಬರುತ್ತಾರೆ. ಗ್ಯಾಸು ಹಚ್ಚಿರುವುದೇ ಇಲ್ಲ. “ಇವ್ರ ಕಥೆ ಏನ್ ಕೇಳ್ತೀರಾ,” ಎಂದು ಹೆಂಡತಿ ಶಾಂತಿ ನಗುತ್ತಾರೆ. “ನಮ್ಮ ಮದ್ವೇಲಿ ತಾಳಿಗೆ ಮೂರು ಗಂಟು ಹಾಕಿ, ಸರ್ಯಾಗಿ ಮೂರೇ ಇದಾವಾ ಅಂತ ಬಗ್ಗಿ ಎಣಿಸ್ದೋರು! ಓಲಗದೋನು ನುಡ್ಸೋದ ನಿಲ್ಲಿಸ್ಬುಟ್ಟ.”

ಅನುಮಾನಕ್ಕೆ ಕಾರಣವೂ ಇದೆ. ಆರು ವರ್ಷದ ಹಿಂದೆ ಎರಡನೇ ತರಗತಿಯ ಇಬ್ಬರು ಬಿಂದುಶ್ರೀಯರಲ್ಲಿ ಒಬ್ಬಳ ಫೀಸನ್ನು ಇನ್ನೊಬ್ಬಳಿಗೆ ಹಾಕಿಬಿಟ್ಟರು. ಕಟ್ಟಿದವಳೇ ತರಗತಿಯ ಹೊರಗೆ ನಿಲ್ಲಬೇಕಾಯಿತು. ತಪ್ಪು ತಿಳಿದ ದಿನ ನಂಜೇಶ್ ಊಟ ಬಿಟ್ಟು, ಬಿಸ್ಕತ್ತಿನ ಪೊಟ್ಟಣ ಹಿಡಿದು ಮಗುವಿನ ಮನೆಗೆ ಕ್ಷಮೆ ಕೇಳಲು ಹೋದರು. ಮಗು ಬಿಸ್ಕತ್ತು ತಿನ್ನುತ್ತಾ, “ಪರ್ವಾಗಿಲ್ಲ ಸಾ, ಅವತ್ತು ಮಗ್ಗಿ ಕೇಳ್ತಿದ್ರು,” ಎಂದಳು.

ಅಂದಿನಿಂದ ಅವರದು ಒಂದೇ ನಿಯಮ: ಬ್ಯಾಂಕಿನ ಪಟ್ಟಿಯಲ್ಲಿ ಕಣ್ಣಾರೆ ಕಾಣದ ಹಣಕ್ಕೆ ಸಹಿ ಹಾಕುವುದಿಲ್ಲ.

ಆ ನಿಯಮಕ್ಕೆ ಪರೀಕ್ಷೆ ಬಂದದ್ದು ಕಳೆದ ಮೇ ತಿಂಗಳಿನ ಒಂದು ಶನಿವಾರ.

ಬೆಳಗ್ಗೆ ಒಂಬತ್ತಕ್ಕೆ ತಿ. ನರಸೀಪುರದ ಕಾಲೇಜಿನಿಂದ ಪ್ರಿನ್ಸಿಪಾಲ್ ಚಂದ್ರಶೇಖರ್ ಫೋನು ಮಾಡುತ್ತಾರೆ. ಕೊನೆಯ ವರ್ಷದ ಬಿ.ಕಾಂ.ನ ಕವನ ಎಂಬ ಹುಡುಗಿಯ ಹೆಸರಿನಲ್ಲಿ ಹದಿನಾಲ್ಕು ಸಾವಿರದ ಇನ್ನೂರು ಬಾಕಿ ತೋರಿಸುತ್ತಿದೆ. ಬಾಕಿ ಇದ್ದವರಿಗೆ ಹಾಲ್ ಟಿಕೆಟ್ ಇಲ್ಲ. ಸೋಮವಾರ ಪರೀಕ್ಷೆ. “ಹನ್ನೆರಡು ಗಂಟೆಗೆ ನಾನು ಪಟ್ಟಿ ಮುಚ್ಚಲೇಬೇಕು ನಂಜೇಶ್. ಹುಡುಗಿ ಇಲ್ಲಿ ಅಳ್ತಾ ನಿಂತಿದ್ದಾಳೆ. ಕಟ್ಟಿದ್ದೀವಿ ಅಂತಾಳೆ.”

ಫೋನು ಇಡುವಷ್ಟರಲ್ಲಿ ಹದಿನಾರು ಎಂಬ ಊರಿನಿಂದ ಬಸ್ಸು ಹತ್ತಿ ಬಂದ ಇಬ್ಬರು ಹೆಂಗಸರು ಎದುರಿಗೆ ನಿಂತಿದ್ದಾರೆ. ಒಬ್ಬರು ಕೂಲಿ ಮಾಡಿ ಮಗಳನ್ನು ಓದಿಸುತ್ತಿರುವ ಕವನಳ ತಾಯಿ ಮರಿತಾಯಮ್ಮ. ಇನ್ನೊಬ್ಬರು ಪಕ್ಕದ ಮನೆಯ ಚಲುವಮ್ಮ. ಮರಿತಾಯಮ್ಮ ಕೊಟ್ಟ ನೋಟು ಇಸಿದುಕೊಂಡು, ತಮ್ಮ ಫೋನಿನಿಂದ ಫೀಸು ಹಾಕಿದವರು ಇವರೇ.

“ಮಂಟೇದಯ್ಯನಾಣೆಗೂ ಕಟ್ಟಿವ್ನಿ ಸಾ,” ಎನ್ನುತ್ತಾರೆ ಮರಿತಾಯಮ್ಮ. “ಇಡೀ ಬೀದಿಗೇ ಗೊತ್ತದೆ.”

“ಬೀದಿಗೆ ಹೆಂಗಮ್ಮ ಗೊತ್ತು? ಚಲುವಮ್ಮ, ನಿಮ್ಮ ಫೋನು ಕೊಡಿ, ನೋಡೋಣ.”

“ಫೋನು ಮನೇಲಿ ಚಾರ್ಜಿಗೆ ಆಕಿವ್ನಿ ಸಾ.”

“ಅಲ್ಲಮ್ಮ, ಫೋನು ಬಿಟ್ಟು ನೀವು ಬಂದ್ರಾ?”

“ಸಾಕ್ಸಿ ಏಳಕ್ಕೆ ಬಾಯಿದ್ರೆ ಸಾಲ್ದಾ ಸಾ? ಫೋನ್ಯಾಕೆ?”

ನಂಜೇಶ್ ಹದಿನೈದು ದಿನದ ಪಟ್ಟಿಗಳನ್ನು ಹರಡುತ್ತಾರೆ. ಹದಿನಾಲ್ಕು ಸಾವಿರದ ಇನ್ನೂರು ಇಲ್ಲ. ಶುಭಕ್ಕೆಂದು ಕೆಲವರು ಒಂದು ರೂಪಾಯಿ ಸೇರಿಸುತ್ತಾರೆ. ಹದಿನಾಲ್ಕು ಸಾವಿರದ ಇನ್ನೂರ ಒಂದೂ ಇಲ್ಲ. ಚಲುವಮ್ಮ ಎಂಬ ಹೆಸರಿನ ನಾಲ್ವರಿದ್ದಾರೆ, ಈ ಚಲುವಮ್ಮ ಇಲ್ಲ. ಗಂಟೆ ಹತ್ತೂವರೆ. ಮರಿತಾಯಮ್ಮನ ಸೆರಗು ಬಾಯಿಗೆ ಹೋಗಿದೆ.

“ದುಡ್ಡು ಎಲ್ಗೋಯ್ತು ಸಾ? ಎರಡು ವರ್ಸದ ಚೀಟಿ ದುಡ್ಡು ಅದು.”

“ಓಗೈತೆ ಬುಡು ಮರಿತಾಯಿ,” ಚಲುವಮ್ಮ ಗದರುತ್ತಾರೆ. “ನಾವ್ ಕೇಳುಸ್ಕಳ್ಳಿಲ್ವಾ? ಅಂಗ್ಡಿ ಪೆಟ್ಗೆನೇ ಕೂಗ್ತಲ್ಲ, ಅದ್ನಾಕು ಸಾವ್ರದ ಇನ್ನೂರು ಬಂದದೆ ಅಂತ. ಎಣ್ಣು ದನೀಲಿ, ಎಷ್ಟು ಚೆಂದಾಗಿ!”

ನಂಜೇಶ್ ಎದ್ದು ನಿಲ್ಲುತ್ತಾರೆ. ಟೀ ಲೋಟ ಉರುಳಿ ಪಟ್ಟಿಯ ಮೇಲೆ ಹರಿಯುತ್ತದೆ. ಅಂಗಡಿಗಳಲ್ಲಿಟ್ಟಿರುವ ಆ ಮಾತಾಡುವ ಪೆಟ್ಟಿಗೆ ಕೂಗುವುದು ಆ ಅಂಗಡಿಗೇ ದುಡ್ಡು ಬಂದಾಗ ಮಾತ್ರ. ಸಮಿತಿಗೆ ಬಂದ ದುಡ್ಡಿಗೆ ಹದಿನಾರಿನ ಯಾವ ಪೆಟ್ಟಿಗೆಯೂ ಕೂಗುವುದಿಲ್ಲ. ಪೆಟ್ಟಿಗೆ ಕೂಗಿತು ಎಂಬ ಧೈರ್ಯದಲ್ಲೇ ಇಬ್ಬರೂ ನೆಮ್ಮದಿಯಿಂದ ಮನೆಗೆ ಹೋಗಿದ್ದಾರೆ!

ಅಂಗಡಿ ಮಹಾದೇವಸ್ವಾಮಿಯವರದು. ಊರಿನವರಿಗೆ ಅನುಕೂಲವಾಗಲೆಂದು ತಮ್ಮ ಕ್ಯೂಆರ್ ಕೋಡ್ ಪಕ್ಕದಲ್ಲೇ ಸಮಿತಿಯದನ್ನೂ ಅಂಟಿಸಿದ್ದಾರೆ. ಚಲುವಮ್ಮನ ಫೋನು ಸಮಿತಿಯದನ್ನು ಬಿಟ್ಟು ಅಂಗಡಿಯದನ್ನು ಹಿಡಿದಿದೆ. ನಂಜೇಶ್ ಫೋನು ಮಾಡಿ ನಯವಾಗಿ ಕೇಳುತ್ತಾರೆ. ಮಹಾದೇವಸ್ವಾಮಿ ಮೊದಲು ಕೆರಳುತ್ತಾರೆ, “ನನ್ನೇನು ಕಳ್ಳ ಅಂದ್ಕಂಡ್ರಾ?” ಆಮೇಲೆ ಪುಸ್ತಕ ತಿರುವಿ ಹಾಕುವ ಸದ್ದು.

“ಅಯ್ಯೋ ಶಿವನೇ! ಇದನ್ನ ನಾನು ಮದ್ವೆ ಸಾಮಾನಿನ ಬಾಕಿ ಅಂದ್ಕಂಡು ಇನ್ಯಾರದೋ ಲೆಕ್ಕ ಹೊಡ್ದಾಕಿವ್ನಿ ಕಣ್ರೀ. ಮರ್ಯಾದಸ್ಥರು ಅಂತ ಕರ್ದು ಒಂದು ಚಿಪ್ಪು ಬಾಳೆಹಣ್ಣು ಬೇರೆ ಕೊಟ್ಟೆ. ಆ ಪುಣ್ಯಾತ್ಮರು ಏನೂ ಮಾತಾಡ್ದೆ ಈಸ್ಕಂಡು ಹೋದ್ರಲ್ಲ!”

ಹನ್ನೊಂದು ನಲವತ್ತಕ್ಕೆ ಮಹಾದೇವಸ್ವಾಮಿ ಸಮಿತಿಯ ಖಾತೆಗೆ ಹಣ ಹಾಕುತ್ತಾರೆ. ಆದರೆ ಅದು ಬ್ಯಾಂಕಿನ ಪಟ್ಟಿಯಲ್ಲಿ ಕಾಣುವುದು ಮಾರನೆಯ ಬೆಳಗ್ಗೆ. ಪ್ರಿನ್ಸಿಪಾಲರ ಪಟ್ಟಿ ಮುಚ್ಚುವುದು ಇನ್ನು ಇಪ್ಪತ್ತು ನಿಮಿಷಕ್ಕೆ. ಬಾಕಿ ತೀರಿದೆ ಎಂದು ಸಹಿ ಹಾಕಿ, ಆಮೇಲೆ ದುಡ್ಡು ಬಾರದಿದ್ದರೆ ನಂಜೇಶ್ ಕೈಯಿಂದ ಕಟ್ಟಬೇಕು. ಅವರ ಸಂಬಳ ಹತ್ತೊಂಬತ್ತು ಸಾವಿರ. ಅದಕ್ಕಿಂತ, ಕಾಣದ ಹಣಕ್ಕೆ ಸಹಿ ಹಾಕಿದವನೆಂಬ ಮಾತು ಬರುತ್ತದೆ. ಹಾಕದಿದ್ದರೆ ಹುಡುಗಿಗೆ ಒಂದು ವರ್ಷ ಹೋಗುತ್ತದೆ.

ಪ್ರತಿ ಪಾವತಿಗೂ ಹನ್ನೆರಡು ಅಂಕಿಯ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಓದಿ ಎನ್ನುತ್ತಾರೆ ನಂಜೇಶ್. ಮಹಾದೇವಸ್ವಾಮಿ ಓದುತ್ತಾರೆ. ಇನ್ನೊಂದು ಸಲ. ಓದುತ್ತಾರೆ. ಇನ್ನೊಂದು ಸಲ. ಹಿಂದಿನಿಂದ ಯಾವುದೋ ಗಿರಾಕಿಯ ದನಿ ಕೇಳುತ್ತದೆ: “ಲೇ ಸ್ವಾಮಿ, ಅದೇನ್ಲಾ ಮಂತ್ರ? ನಂಗೆ ಕಾಲು ಕೆಜಿ ಬೆಲ್ಲ ಕೊಟ್ಟು ಏಳ್ಕಳಪ್ಪ!”

ಮೂರು ಸಲವೂ ಒಂದೇ ಸಂಖ್ಯೆ. ಹನ್ನೊಂದು ಐವತ್ತೆರಡಕ್ಕೆ ನಂಜೇಶ್ ಸಹಿ ಹಾಕುತ್ತಾರೆ.

“ಹಾಲ್ ಟಿಕೆಟ್ ಕೊಡಿ ಸಾರ್,” ಎಂದು ತಿ. ನರಸೀಪುರಕ್ಕೆ ಹೇಳುತ್ತಾರೆ. “ಜವಾಬ್ದಾರಿ ನಂದು.”

ಮರಿತಾಯಮ್ಮ ಕಣ್ಣೊರೆಸಿಕೊಂಡು ಮೇಜಿನ ಮೇಲಿನ ಕಾಗದದ ರಾಶಿ ನೋಡುತ್ತಾರೆ. “ದಿನಾ ಇದೇ ಕೆಲ್ಸನಾ ಸಾ? ಪಾಪ, ಬೇರೆ ಏನೂ ಸಿಕ್ನಿಲ್ವಾ?”

ಭಾನುವಾರ ರಜೆ. ನಂಜೇಶ್ ಐದು ಗಂಟೆಗೇ ಕಚೇರಿಯಲ್ಲಿದ್ದಾರೆ. ಕಂಪ್ಯೂಟರು ಎಂದಿಗಿಂತ ಹೆಚ್ಚು ಹೊತ್ತು ಕೆಮ್ಮುತ್ತದೆ. ಪಟ್ಟಿ ಬರುತ್ತದೆ. ಎಂಬತ್ತೇಳನೆಯ ಸಾಲಿನಲ್ಲಿ ಮಹಾದೇವಸ್ವಾಮಿಯ ಹೆಸರು, ಹದಿನಾಲ್ಕು ಸಾವಿರದ ಇನ್ನೂರು, ಅದೇ ಹನ್ನೆರಡು ಅಂಕಿ. ಸಾಲಿನ ಕೆಳಗೆ ಅಡಿಪಟ್ಟಿಯಿಟ್ಟು, ‘ಕವನ’ ಎಂದು ಬರೆದು, ಅವರು ಹೋಟೆಲಿಗೆ ಹೋಗಿ ಎರಡು ಪ್ಲೇಟು ಇಡ್ಲಿ ತಿನ್ನುತ್ತಾರೆ. ಶನಿವಾರ ಮಧ್ಯಾಹ್ನದಿಂದ ಗಂಟಲಲ್ಲಿ ಏನೂ ಇಳಿದಿರುವುದಿಲ್ಲ.

ಕವನ ಆರೂ ಪತ್ರಿಕೆ ಬರೆದಿದ್ದಾಳೆ. ಪಾಸೂ ಆಗಿದ್ದಾಳೆ. ಒಮ್ಮೆ ಕಚೇರಿಗೆ ಬಂದು ಮಾತಾಡಿಸಿಕೊಂಡು ಹೋಗಬಾರದಿತ್ತೇ ಎಂದು ಕೇಳಿದರೆ ನಂಜೇಶ್ ಗಾಬರಿಯಾಗುತ್ತಾರೆ.

“ಬೇಡ ಸಾರ್. ಆ ಮಗು ನನ್ನ ನೋಡಿಲ್ಲ, ನಾನೂ ಅವಳನ್ನ ನೋಡಿಲ್ಲ. ಒಂಬತ್ತು ಸಾವ್ರದ ಆರುನೂರು ಮಕ್ಕಳಲ್ಲಿ ಒಬ್ರಿಗೂ ನನ್ನ ಹುಡುಕ್ಕೊಂಡು ಬರೋ ಅಗತ್ಯ ಬೀಳಬಾರ್ದು. ಬೀಳದೆ ಹೋದ ದಿನ, ಇವತ್ತು ಕೆಲ್ಸ ಸರ್ಯಾಗಿ ಮಾಡಿದೀನಿ ಅಂದ್ಕೊಂಡು ಬೀಗ ಹಾಕ್ತೀನಿ.”